ಮಿಕ್ಕ ಮರ ಬಡಗಿಗೆ, ಮಿಕ್ಕ ಬಟ್ಟೆ ದರ್ಜಿಗೆ

ಇಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಠಾಣೆಯಿಂದ ಕರೆ ಬಂದ ಮೇರೆಗೆ ಹಾಜರಾಗಿ ಕೊಡುತ್ತಿರುವ ಹೇಳಿಕೆ. ಹೆಸರು: ಮೊದಲ ದೂರಿನಲ್ಲಿ ಬರೆಸಿರುವಂತೆ, ಎಲ್ಲರೂ ಕರೆಯುವುದು ಹೊಲಿಗೆಯಕ್ಕ ಎಂದೇ. ವಯಸ್ಸು: ಐವತ್ತಾರು. ಉದ್ಯೋಗ: ಮನೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವುದು. ವಾಸ: ಮಾರುಕಟ್ಟೆಯ ಹಿಂದಿನ ಬೀದಿ, ಮೂರು ಮಹಡಿಯ ಕಟ್ಟಡ, ನೆಲಮಹಡಿಯಲ್ಲಿ ಮೆಟ್ಟಿಲ ಪಕ್ಕದ ಮನೆ.

ನಾನು ಈ ಮೂಲಕ ತಿಳಿಸುವುದು, ತಿಳಿಸುವಂಥ ಗತಿ ತಂದುಕೊಂಡದ್ದು ಏನೆಂದರೆ, ಮೇಲಿನ ವಿಳಾಸದಲ್ಲಿ ನಾನು ಮತ್ತು ನನ್ನ ಯಜಮಾನರು ಇಪ್ಪತ್ತೆರಡು ವರ್ಷಗಳಿಂದ ವಾಸವಾಗಿರುತ್ತೇವೆ. ಯಜಮಾನರು ಕೈಗಡಿಯಾರ ರಿಪೇರಿ ಮಾಡುತ್ತಿದ್ದರು, ಈಗ ಕಣ್ಣು ಮಂಜಾಗಿ ಮನೆಯಲ್ಲೇ ಇರುತ್ತಾರೆ. ನಮ್ಮ ಮೇಲಿನ ಮನೆಯಲ್ಲಿರುವಾಕೆ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ನಲವತ್ತಮೂರು, ಮದುವೆಯಾಗಿಲ್ಲ. ಕಳೆದ ಶುಕ್ರವಾರ ಸಂಜೆ ಆಕೆ ನನ್ನ ಹೊಲಿಗೆ ಮೇಜಿನ ಮೇಲ್ಹಲಗೆಯನ್ನು ನನ್ನ ಕಣ್ಣೆದುರೇ ಕಳಚಿಕೊಂಡು ಹೋದಳೆಂದೂ ಇದು ಕಳ್ಳತನವೆಂದೂ ನಾನು ಅಂದೇ ದೂರು ಕೊಟ್ಟಿರುತ್ತೇನೆ. ಹಿಂದುಮುಂದು ಎಲ್ಲ ಹೇಳಬೇಕೆಂದು ಸಾಹೇಬರು ಕೇಳಿದ್ದರಿಂದ ಮೊದಲಿನಿಂದ ಹೇಳುತ್ತಿದ್ದೇನೆ.

ಅಳತೆ ಕೊಡಲು ನಿಂತ ಹೆಂಗಸು ಬಾಯಿ ಮುಚ್ಚಿಕೊಂಡು ನಿಲ್ಲುವುದಿಲ್ಲ. ಕೈ ಎತ್ತಿ ನಿಂತಾಗಲೇ ನಲ್ಲಿ ಸೋರುವುದು, ಬಾಗಿಲು ಊದಿಕೊಂಡಿರುವುದು, ಗೋಡೆಯ ಬಣ್ಣ ಉದುರುವುದು ಎಲ್ಲ ನೆನಪಾಗುತ್ತದೆ. ಯಾರನ್ನು ಕರೆಸಲಿ ಅಕ್ಕಾ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಹೇಳುವುದಷ್ಟೇ ಅಲ್ಲ, ನಾನೇ ಫೋನ್ ಮಾಡಿ ಗೊತ್ತು ಮಾಡುತ್ತೇನೆ. ನನ್ನ ಮಾತಿಗೆ ಆ ಬೀದಿಯಲ್ಲಿ ಬೆಲೆ ಇತ್ತು. ನಾನು ಹೇಳಿದ ಕೆಲಸದವರನ್ನು ಯಾರೂ ಇನ್ನೊಂದು ಕಡೆ ವಿಚಾರಿಸುತ್ತಿರಲಿಲ್ಲ. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ಕೂಡ ಇಲ್ಲಿಗೆ ಬರುವಷ್ಟರಲ್ಲಿ ಪೆನ್ನು ನಿಲ್ಲಿಸಿ, ನಮ್ಮ ಮನೆ ಬಚ್ಚಲಿಗೆ ಒಬ್ಬ ಒಳ್ಳೆ ಪ್ಲಂಬರ್ ಗೊತ್ತಿದ್ದರೆ ಹೇಳಿ ಎಂದರು. ಇದನ್ನು ಬರೆಯುವುದು ಬೇಡ ಎಂದೂ ಹೇಳಿದರು. ಬರೆಯಿರಿ ಎಂದು ನಾನೇ ಬರೆಸಿದ್ದೇನೆ.

ಇದರಿಂದ ನನಗೆ ಏನು ಸಿಗುತ್ತಿತ್ತು ಎಂದು ಸಾಹೇಬರು ಕೇಳಿದರು. ಬಣ್ಣ ಬಳಿಯುವವನು ನಾನು ಹೇಳಿದ ಮನೆ ಮುಗಿದಾಗಲೆಲ್ಲ ಒಂದು ಡಬ್ಬಿ ಬಿಸ್ಕತ್ತು ತಂದು ಬಾಗಿಲಲ್ಲಿ ಇಟ್ಟುಹೋಗುತ್ತಾನೆ. ನೀರಿನ ಪಂಪ್ ರಿಪೇರಿಯವನು ನಮ್ಮ ಮನೆಯ ಕೆಲಸಕ್ಕೆ ಕೂಲಿ ಮುಟ್ಟುವುದಿಲ್ಲ. ನಾನು ಯಾವತ್ತೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಕೊಡುವವರು ಕೊಡಲಿ ಎಂದು ಮನಸ್ಸಿನಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಫೋನ್ ಹಿಡಿದು ಕೂತರೆ ಯಜಮಾನರ ಕಾಫಿ ತಡವಾಗುತ್ತದೆ, ಆಗ ಅವರು ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎನ್ನುತ್ತಾರೆ. ಅವರ ಮಾತಿಗೆ ನಾನು ಸೊಪ್ಪು ಹಾಕಿದವಳಲ್ಲ.

ಆ ಮೇಜು ಮಾಡಿಕೊಟ್ಟ ಬಡಗಿ ಎರಡು ವರ್ಷದ ಹಿಂದೆ ನಮ್ಮ ಮನೆಯ ಮುಂಬಾಗಿಲು ಸರಿಮಾಡಲು ಬಂದವನು. ಯಾವ ಕೆಲಸಕ್ಕೂ ಮೊದಲು ಮೂಲೆ ನೇರವಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡುತ್ತಿದ್ದುದರಿಂದ ನಾವು ಅವನನ್ನು ಮೂಲೆಮಟ್ಟ ಎಂದೇ ಕರೆಯುತ್ತಿದ್ದೆವು. ಮೆತ್ತಗಿನ ಮಾತು, ನೀಟು ಕೆಲಸ, ಹೋಗುವಾಗ ಹೊಟ್ಟು ಗುಡಿಸಿಟ್ಟು ಹೋಗುವವನು. ಅವನನ್ನು ನಾನು ಮನೆಯಿಂದ ಮನೆಗೆ ದಾಟಿಸಿದೆ. ಎಷ್ಟು ಮನೆ ಎಂದು ಲೆಕ್ಕ ಇಟ್ಟಿಲ್ಲ ಎಂದು ಎಲ್ಲರ ಹತ್ತಿರ ಹೇಳುತ್ತಿದ್ದೆ. ಹನ್ನೊಂದು ಮನೆ. ಅಷ್ಟಕ್ಕೂ ಅವನಿಂದ ಬಂದದ್ದು ಒಂದು ನಗು. ಬಿಸ್ಕತ್ತಿನ ಡಬ್ಬಿಯವನಿಗೆ ಇರುವ ಬುದ್ಧಿ ಇವನಿಗಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಸುಮಾರು ಐದು ತಿಂಗಳ ಹಿಂದೆ ಅವನು ಯಾರದೋ ಮನೆಯ ವಿಳಾಸ ಕೇಳಲು ಬಂದ. ನಾನು ಹೊಲಿಯುತ್ತಿದ್ದೆ. ನನ್ನ ಹಳೆಯ ಮೇಜಿನ ಕಾಲು ಸಡಿಲವಾಗಿ ಮಿಷನ್ ಓಡಿಸಿದರೆ ಮೇಜೂ ಕುಣಿಯುತ್ತಿತ್ತು. ನಾನು ತಲೆ ಎತ್ತದೆ, ‘ಎಲ್ಲರ ಮನೆಗೂ ನಿನ್ನ ಕೈ ಹೋಯ್ತಪ್ಪ, ನಮ್ಮನೆ ಮೇಜು ಮಾತ್ರ ನಡುಗ್ತಾನೇ ಇದೆ’ ಎಂದೆ. ಅವನು ನಕ್ಕು, ನನಗೂ ಮನಸ್ಸಿನಲ್ಲಿದೆ ಅಕ್ಕಾವ್ರೇ, ಒಳ್ಳೆ ಮರ ಒಂದು ಕೈಗೆ ಬರಲಿ ಎಂದ. ನಾನು ಕೇಳಿದ್ದು ಇಷ್ಟೇ. ಇದನ್ನು ಕೇಳುವುದು ಎನ್ನುವುದಾದರೆ ಕೇಳಿದ್ದೇನೆ.

ಇನ್ನು ನರ್ಸ್ ವಿಷಯ. ಆಕೆ ಮತ್ತು ಆಕೆಯ ತಾಯಿ ಮೇಲಿನ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು. ನನಗೆ ಒಡಹುಟ್ಟಿದವರಿಲ್ಲ. ಆಕೆ ನನ್ನನ್ನು ಅಕ್ಕ ಎಂದು ಕರೆದು, ನೀನು ಎಂದು ಏಕವಚನದಲ್ಲೇ ಮಾತಾಡುತ್ತಿದ್ದಳು. ಆಕೆಯ ಬಟ್ಟೆ ಹೊಲಿದದ್ದಕ್ಕೆ ನಾನು ಕೂಲಿ ತೆಗೆದುಕೊಂಡಿಲ್ಲ, ಯಜಮಾನರಿಗೆ ದಿನವೂ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡುವುದಕ್ಕೆ ಆಕೆ ಮುಖ ಸಿಂಡರಿಸಿಕೊಂಡಿಲ್ಲ. ನಮ್ಮಿಬ್ಬರ ನಡುವೆ ಕೊಟ್ಟೆ-ತಗೊಂಡೆ ಎನ್ನುವ ಮಾತೇ ಇರಲಿಲ್ಲ.

ಆಕೆಯ ತಾಯಿಯ ಹತ್ತಿರ ಒಂದು ತೇಗದ ಮಂಚ ಇತ್ತು. ನರ್ಸ್ ಹಲ್ಲು ಬರುವ ಕೂಸಾಗಿದ್ದಾಗ ಆ ಮಂಚದ ತಲೆಕಡೆಯ ಹಲಗೆಯನ್ನು ಹಿಡಿದು ನಿಂತು ಅದರ ಅಂಚನ್ನು ಕಚ್ಚುತ್ತಿದ್ದಳಂತೆ. ಹಲಗೆಯ ಎರಡೂ ಮೈಗೆ ಹಲ್ಲಿನ ಗುರುತು ಬಿದ್ದಿತ್ತು. ತಾಯಿ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ನನ್ನ ಮಗಳು ಹಾಲು ಕುಡಿದು ಬೆಳೆದವಳಲ್ಲ, ಮರ ತಿಂದು ಬೆಳೆದವಳು ಎನ್ನುತ್ತಿದ್ದರು. ಮಗಳನ್ನು ಮರಕುಟಿಗ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಆ ಗುರುತನ್ನು ನನಗೂ ಎಷ್ಟೋ ಸಲ ತೋರಿಸಿದ್ದರು.

ತಾಯಿ ತೀರಿಕೊಂಡು ಎಂಟು ತಿಂಗಳಾಯಿತು. ಖಾಲಿ ಮಂಚ ನೋಡಲೂ ಆಗದೆ ಮಾರಲೂ ಮನಸ್ಸಾಗದೆ ಆಕೆ ಆ ಕೋಣೆಯ ಬಾಗಿಲು ಹಾಕಿ ಅಡಿಗೆಮನೆಯಲ್ಲಿ ಮಲಗುತ್ತಿದ್ದಳು. ಮಂಚ ಬಿಚ್ಚಿಸಿ ಅದೇ ಮರದಲ್ಲಿ ಬಟ್ಟೆ ಕಪಾಟು ಮಾಡಿಸಿಕೋ, ಅಮ್ಮನ ಮರ ಮನೆಯಲ್ಲೇ ಇರುತ್ತದೆ ಎಂದು ಹೇಳಿದವಳು ನಾನೇ. ಮೂಲೆಮಟ್ಟನನ್ನು ಗೊತ್ತು ಮಾಡಿದವಳೂ ನಾನೇ. ಆಕೆ ಕೆಲಸ ನಡೆಯುವಷ್ಟು ದಿನ ರಜೆ ಹಾಕುತ್ತೇನೆ ಎಂದಳು. ಅದಕ್ಕೆ ನಾನು, ‘ಕೆಲಸದವರ ತಲೆ ಮೇಲೆ ಕೂತ್ರೆ ಅವ್ರ ಕೈ ಓಡಲ್ಲ ಕಣೇ. ಬೀಗದಕೈ ನನ್ನ ಹತ್ರ ಕೊಟ್ಟು ಹೋಗು. ನಾನಿಲ್ವಾ?’ ಎಂದೆ. ಆಕೆ ಬೀಗದಕೈ ನನ್ನ ಕೈಗೆ ಕೊಟ್ಟಳು.

ಕೆಲಸ ನಾಲ್ಕು ದಿನ ನಡೆಯಿತು. ದಿನವೂ ಬೆಳಿಗ್ಗೆ ಬಾಗಿಲು ತೆಗೆದುಕೊಟ್ಟವಳು, ಸಂಜೆ ಬೀಗ ಹಾಕಿದವಳು ನಾನು. ಮಧ್ಯೆ ಒಂದು ಸಲ ಟೀ ಕೊಡಲು ಮೇಲೆ ಹೋಗಿದ್ದೆ. ಆಗ ಹಲಗೆಗಳು ಗೋಡೆಗೆ ಒರಗಿದ್ದವು. ಯಾವ ಹಲಗೆ ಎಂದು ನಾನು ಗಮನಿಸಲಿಲ್ಲ. ಹೊಲಿಯಲು ಬಟ್ಟೆ ರಾಶಿ ಬಿದ್ದಿತ್ತು, ಕೆಳಗೆ ಬಂದೆ.

ಕಪಾಟು ನೋಡಲು ಚೆನ್ನಾಗಿತ್ತು. ಬಾಗಿಲು ತೇಗ, ಒಳಗಿನ ಅಡ್ಡಹಲಗೆಗಳು ಮಾತ್ರ ಪ್ಲೈವುಡ್. ಯಾಕೆ ಎಂದು ಆಕೆ ಕೇಳಿದಾಗ, ತಲೆಕಡೆಯ ಹಲಗೆ ಒಳಗೆಲ್ಲ ಹುಳ ತಿಂದು ಪುಡಿಯಾಗಿತ್ತು, ಇಟ್ಟುಕೊಂಡರೆ ಬೇರೆ ಮರಕ್ಕೂ ಹತ್ತುತ್ತದೆ ಎಂದು ಒಲೆಗೆ ಹಾಕಿದೆ ಎಂದು ಬಡಗಿ ಹೇಳಿದನಂತೆ.

ಇದಾಗಿ ಎರಡು ವಾರಕ್ಕೆ ಅವನು ನಮ್ಮ ಮನೆಗೆ ಹೊಸ ಮೇಜು ಹೊರಿಸಿಕೊಂಡು ಬಂದ. ಕಾಲು ಯಾವುದೋ ಸಾದಾ ಮರ, ಮೇಲ್ಹಲಗೆ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಜಮಾನರು ಇದು ಕಮಿಷನ್ನೇನಯ್ಯ ಎಂದು ಕೇಳಿದರು. ಅವನು ಕಿವಿ ಹಿಡಿದುಕೊಂಡು, ಛೇ ಛೇ, ಕಮಿಷನ್ ಅಲ್ಲ, ಅಕ್ಕಾವ್ರ ನೆನಪಿಗೆ ಎಂದ. ಅಳಿಯ ಅಲ್ಲ, ಮಗಳ ಗಂಡ ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ಮರ ಎಲ್ಲಿಯದು ಎಂದು ಕೇಳಿದೆ. ಮಿಕ್ಕಿದ್ದು ಎಂದ.

ಮಿಕ್ಕಿದ್ದು ಎಂದ ಮೇಲೆ ನಾನು ಮುಂದೆ ಕೇಳಲಿಲ್ಲ. ಯಾಕೆಂದು ಸಾಹೇಬರು ಕೇಳಿದ್ದಕ್ಕೆ ಉತ್ತರ: ಮಿಕ್ಕ ಮರ ಬಡಗಿಗೆ, ಮಿಕ್ಕ ಬಟ್ಟೆ ದರ್ಜಿಗೆ. ಇದು ಕಸುಬಿನಲ್ಲಿ ನಡೆದುಬಂದದ್ದು. ಹೊಲಿಸಿಕೊಂಡವರು ಕೇಳಿದರೆ ಅಂಗೈಯಗಲದ ಚೂರನ್ನೂ ಕೊಟ್ಟುಬಿಡಬೇಕು, ಕೇಳದಿದ್ದರೆ ಅದು ನಮ್ಮದು. ಬಟ್ಟೆಯನ್ನು ಹೇಗೆ ಹಾಸಿ ಕತ್ತರಿಸಿದರೆ ಎಷ್ಟು ಮಿಗುತ್ತದೆ ಎಂಬುದು ಕತ್ತರಿ ಹಿಡಿದವರಿಗೆ ಮಾತ್ರ ಗೊತ್ತು. ಹಾಗಾಗಿ ಒಬ್ಬ ಕಸುಬುದಾರ ಇನ್ನೊಬ್ಬರನ್ನು ಹೇಗೆ ಮಿಕ್ಕಿತು ಎಂದು ಕೇಳುವುದಿಲ್ಲ. ಆ ಮರ ಎಲ್ಲಿಯದೆಂದು ನನಗೆ ಗೊತ್ತಿರಲಿಲ್ಲ. ‘ಗೊತ್ತಾಗದಿರಲಿ ಎಂದು ಕೇಳಲಿಲ್ಲ’ ಎಂದು ಪೇದೆಯವರು ಬರೆದಿದ್ದರು. ಅದು ನನ್ನ ಮಾತಲ್ಲ, ಗೀಟು ಎಳೆದು ಹೊಡೆಸಿದ್ದೇನೆ. ಒಂದು ಮಾತ್ರ ಹೇಳುತ್ತೇನೆ. ಬಟ್ಟೆಯ ಒಳಮೈ ನೋಡದೆ ನಾನು ಒಂದು ಹೊಲಿಗೆಯನ್ನೂ ಹಾಕುವವಳಲ್ಲ. ಮೇಜಿನ ಒಳಮೈ ನೋಡಲಿಲ್ಲ.

ಮೇಜು ಬಂದ ಮಾರನೆಯ ದಿನವೋ ಅದರ ಮಾರನೆಯ ದಿನವೋ ನರ್ಸ್ ಡ್ಯೂಟಿ ಮುಗಿಸಿ ಬಂದು ಅದೇ ಮೇಜಿಗೆ ಮೊಣಕೈ ಊರಿ ಕೂತು ಅತ್ತಳು. ಎಲ್ಲ ಹಲಗೆ ಬಿಟ್ಟು ಆ ಹಲಗೆಗೇ ಹುಳ ಬೀಳಬೇಕಾ ಅಕ್ಕ, ಅಮ್ಮ ದಿನಾ ಅದನ್ನ ಮುಟ್ಟಿ ಮಲಗ್ತಿದ್ದಳು ಎಂದಳು. ನಾನು ಆಕೆಯ ಬೆನ್ನು ಸವರಿ, ಹುಳ ಬಿದ್ದ ಮರ ಒಲೆಗೇ ಸರಿ ಕಣೇ ಎಂದು ಸಮಾಧಾನ ಹೇಳಿದೆ. ಕಣ್ಣೀರು ಬಿದ್ದು ಹೊಸ ಪಾಲಿಶ್ ಮೇಲೆ ಕಲೆಯಾಗುತ್ತದೆಂದು ಬಟ್ಟೆಯಿಂದ ಒರೆಸಿದ್ದೂ ನಾನೇ. ಇದು ದೂರಿಗೆ ಸಂಬಂಧಿಸಿದ್ದಲ್ಲ ಎಂದು ಪೇದೆಯವರು ಹೇಳಿದರು. ನನಗೆ ಸಂಬಂಧಿಸಿದ್ದು.

ಕಳೆದ ಶುಕ್ರವಾರ ಸಂಜೆ ಐದೂವರೆಯ ಹೊತ್ತಿಗೆ ಆಕೆ ಹೊಸ ಯೂನಿಫಾರ್ಮ್ ಹಾಕಿ ನೋಡಲು ಕೆಳಗೆ ಬಂದಳು. ತಿಳಿನೀಲಿ ಬಟ್ಟೆ. ಅಂಚು ಮಡಿಸಲು ನಾನು ಪಿನ್ ಚುಚ್ಚುತ್ತಿದ್ದೆ. ಪಿನ್ನಿನ ದಿಂಬು ಕೈಜಾರಿ ಮೇಜಿನ ಕೆಳಗೆ ಉರುಳಿತು. ನನಗೆ ಮಂಡಿನೋವಾದ್ದರಿಂದ ಆಕೆಯೇ ಬಗ್ಗಿ ಮೇಜಿನಡಿ ಹೋದಳು. ಹೋದವಳು ಬರಲಿಲ್ಲ. ‘ಸಿಗ್ಲಿಲ್ವೇನೇ ಮರಕುಟಿಗ?’ ಎಂದು ಕೇಳಿದೆ.

ಆಮೇಲೆ ಆಕೆ ಎದ್ದು ನಿಂತು, ಮೇಜಿನ ಮೇಲಿದ್ದ ಕತ್ತರಿ, ಸೀಮೆಸುಣ್ಣ, ಅಳತೆ ಟೇಪು, ಮಡಿಸಿದ ಬಟ್ಟೆಗಳನ್ನು ಒಂದೊಂದಾಗಿ ಕುರ್ಚಿಯ ಮೇಲೆ ಇಟ್ಟಳು. ಮಿಷನ್ನನ್ನು ರೋಗಿಯನ್ನು ಇಳಿಸುವಂತೆ ಎರಡೂ ಕೈಯಿಂದ ಎತ್ತಿ ನೆಲದ ಮೇಲೆ ಇಳಿಸಿದಳು. ಅನಂತರ ಮೇಜನ್ನು ತಲೆಕೆಳಗು ಮಾಡಿದಳು. ಹಲಗೆಯ ಕೆಳಮೈಯಲ್ಲಿ, ಗೋಡೆಯ ಕಡೆಗಿದ್ದ ಅಂಚಿನ ಹತ್ತಿರ, ನಾಲ್ಕು ಸಣ್ಣ ಹಲ್ಲಿನ ಗುರುತು ಇತ್ತು. ಮೇಲ್ಮೈಯ ಗುರುತನ್ನು ಬಡಗಿ ಉಜ್ಜಿ ನುಣುಪು ಮಾಡಿದ್ದ. ಕೆಳಗಿನದನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದ. ಹುಳ ತಿಂದ ಒಂದು ತೂತೂ ಹಲಗೆಯಲ್ಲಿ ಇರಲಿಲ್ಲ.

ಆಕೆ ಆ ಗುರುತಿನ ಮೇಲೆ ಹೆಬ್ಬೆರಳು ಇಟ್ಟು, ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದಳು. ಬಡಗಿ ಕೊಟ್ಟ ಎಂದೆ. ಯಾಕೆ ಕೊಟ್ಟ ಎಂದಳು. ನೆನಪಿಗೆ ಎಂದೆ. ನನ್ನ ಮನೆಗೆ ಕಳಿಸಿದ್ದಕ್ಕಾ ಎಂದಳು. ಆಗ ನನ್ನ ಬಾಯಿಂದ, ನಿನ್ನೊಬ್ಬಳ ಮನೆಗೇ ಅಲ್ಲ, ಹನ್ನೊಂದು ಮನೆಗೆ ಕಳಿಸಿದ್ದೇನೆ ಎಂದು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದಕ್ಕೆ ಆಕೆ, ಹಾಗಾದರೆ ಹನ್ನೊಂದರಲ್ಲಿ ನಾನೂ ಒಬ್ಬಳು, ನನಗೆ ಗೊತ್ತಿರಲಿಲ್ಲ, ನೀವು ಹೇಳಿದ್ದು ಒಳ್ಳೆಯದಾಯಿತು ಎಂದಳು. ನೀವು ಎಂದಳು.

ನಮ್ಮ ಯಜಮಾನರ ಪೆಟ್ಟಿಗೆಯಿಂದಲೇ ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡು ಹಲಗೆ ಕಳಚಿದಳು. ಅವರು ಕೊಟ್ಟದ್ದಲ್ಲದೆ ಸ್ಕ್ರೂ ಉರುಳಿ ಹೋಗದ ಹಾಗೆ ಅಂಗೈ ಒಡ್ಡಿ ನಿಂತಿದ್ದರು. ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಪಿನ್ ಚುಚ್ಚಿದ ಯೂನಿಫಾರ್ಮ್‌ನಲ್ಲೇ, ಆಕೆ ಮೆಟ್ಟಿಲು ಹತ್ತಿದಳು. ನಾನು ಬಾಗಿಲಿಗೆ ಬಂದು ನಾಲ್ಕು ಮನೆಗೆ ಕೇಳುವ ಹಾಗೆ ಕಳ್ಳಿ ಎಂದು ಕೂಗಿದೆ. ಆಕೆ ತಿರುಗಿ ನೋಡಲಿಲ್ಲ. ತಿರುಗಿದ್ದರೆ ನಾನು ಠಾಣೆಗೆ ಫೋನ್ ಮಾಡುತ್ತಿರಲಿಲ್ಲ. ಮಾಡಬೇಡ ಕಣೇ ಎಂದು ಯಜಮಾನರು ಹೇಳಿದರು. ಮಾಡಿದೆ.

ಶನಿವಾರ ಬೆಳಿಗ್ಗೆ ಬಡಗಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಸ್ವರ ಏರಿಸಲಿಲ್ಲ. ‘ನೀವೇ ಕೇಳಿದ್ರಲ್ಲ ಅಕ್ಕಾವ್ರೇ. ಬೀಗದಕೈ ನಿಮ್ಮ ಹತ್ರಾನೇ ಇತ್ತು, ಹಲಗೆ ಹೊರಗೆ ಹೋಗಿದ್ದು ನಿಮ್ಮ ಬಾಗಿಲ ಮುಂದೇನೇ. ನಿಮಗೆ ಗೊತ್ತಿದೆ ಅಂತಾನೇ ನಾನು ಅಂದ್ಕೊಂಡಿದ್ದೆ’ ಎಂದ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಹಾಗಾಯಿತು. ಹೋಗಲಿ ಬಿಡಿ, ಬೇರೆ ಹಲಗೆ ಹಾಕಿಕೊಡುತ್ತೇನೆ ಎಂದ. ಯಾರ ಮನೆಯದು ಎಂದು ಕೇಳಿದೆ. ಫೋನ್ ಇಟ್ಟ. ಮೇಕೆಯ ಬಾಯಲ್ಲಿ ಏನೂ ಇರಲಿಲ್ಲ ಎಂದು ನಾನು ಈಗ ಯಾರ ಹತ್ತಿರ ಹೇಳಲಿ?

ಭಾನುವಾರದ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹರಡಿತ್ತು. ಮೂರನೇ ಮಹಡಿಯ ಟೀಚರ್ ತಮ್ಮ ಅಡಿಗೆಮನೆಯ ಕಪಾಟಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದರಂತೆ. ಎದುರುಮನೆಯವರು ಬಿಸ್ಕತ್ತಿನ ಡಬ್ಬಿಯ ಕಥೆ ಎತ್ತಿ, ಅದಕ್ಕೇ ನಮ್ಮ ಗೋಡೆಗೆ ಬಣ್ಣ ತೆಳುವಾಗಿದೆ ಎಂದರಂತೆ. ಈ ನಾಲ್ಕು ದಿನದಲ್ಲಿ ಅಳತೆಗೆ ಬಂದವರು ಮೂವರು. ಮೂವರೂ ಕೈ ಎತ್ತಿ ಸುಮ್ಮನೆ ನಿಂತರು. ಯಾರ ಮನೆಯ ನಲ್ಲಿಯೂ ಸೋರುತ್ತಿಲ್ಲ.

ಸಾಹೇಬರು ನರ್ಸ್ ಕೊಟ್ಟ ಹೇಳಿಕೆಯನ್ನು ನನಗೆ ಓದಿ ಹೇಳಿದರು. ಹಲಗೆ ತನ್ನ ತಾಯಿಯದು, ಕಾಲುಗಳು ತನಗೆ ಬೇಡ ಎಂದಿದ್ದಾಳೆ. ಬಡಗಿಯ ಮೇಲೆ ದೂರು ಕೊಡುತ್ತೀಯಾ ಎಂದು ಕೇಳಿದ್ದಕ್ಕೆ ಬೇಡ ಎಂದಿದ್ದಾಳೆ. ಅವನು ಯಾರೋ ಹೊರಗಿನವನು, ಅವನನ್ನು ನಾನು ನಂಬಿರಲೇ ಇಲ್ಲ, ಬೀಗದಕೈ ಕೊಟ್ಟದ್ದು ಅವನಿಗಲ್ಲ ಎಂದು ಬರೆಸಿದ್ದಾಳೆ. ಇನ್ನೊಂದು ಸಲ ಓದಿ ಎಂದು ನಾನು ಕೇಳಿಕೊಂಡೆ. ಓದಿದರು.

ಆದ ಕಾರಣ ಹಲಗೆ ಆಕೆಯದೇ ಎಂದು ಒಪ್ಪಿ, ಶುಕ್ರವಾರ ಕೊಟ್ಟ ಕಳ್ಳತನದ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬಡಗಿಯ ಮೇಲೆ ನನ್ನ ದೂರು ಇರುತ್ತದೆ. ಮರದ ಒಡತಿಯೇ ದೂರು ಕೊಡದಿದ್ದರೆ ಅದು ನಿಲ್ಲುವುದಿಲ್ಲ ಎಂದು ಸಾಹೇಬರು ಹೇಳಿದ್ದಾರೆ. ನಿಲ್ಲದಿದ್ದರೂ ಬರೆದುಕೊಳ್ಳಲಿ. ಪೇದೆಯವರು ಕೇಳಿದ ಪ್ಲಂಬರ್ ವಿಷಯಕ್ಕೆ, ನನಗೆ ಯಾರೂ ಗೊತ್ತಿಲ್ಲ ಎಂದು ಹೇಳಿದ್ದೇನೆ.

ಕೊನೆಯದಾಗಿ ತಿಳಿಸುವುದು: ಶುಕ್ರವಾರ ರಾತ್ರಿಯೇ ಆಕೆ ಯೂನಿಫಾರ್ಮ್ ಬಿಚ್ಚಿ, ಪಿನ್ನುಗಳ ಸಮೇತ ಮಡಿಸಿ ನಮ್ಮ ಬಾಗಿಲಲ್ಲಿ ಇಟ್ಟುಹೋಗಿದ್ದಳು. ಅದನ್ನು ಸೋಮವಾರ ನೆಲದ ಮೇಲೆ ಕೂತು ಹೊಲಿದು ಮುಗಿಸಿ, ಯಜಮಾನರ ಕೈಯಲ್ಲಿ ಮೇಲೆ ಕಳಿಸಿದೆ. ಆಕೆ ಎಂದಿನಂತೆ ಅವರಿಗೆ ಇಂಜೆಕ್ಷನ್ ಕೊಟ್ಟು, ಅವರ ಕೈಯಲ್ಲೇ ಹೊಲಿಗೆಯ ಕೂಲಿ ಕಳಿಸಿದ್ದಳು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. ಜೊತೆಗೆ, ಮಿಕ್ಕ ಬಟ್ಟೆಯನ್ನೂ ಕೊಟ್ಟುಬಿಡಬೇಕಂತೆ ಎಂದು ಯಜಮಾನರು ನನ್ನ ಮುಖ ನೋಡದೆ ಹೇಳಿದರು.

ಕೇಳಿದ ಮೇಲೆ ಕೊಡಬೇಕು. ಚೂರುಗಳ ಚೀಲವನ್ನು ನೆಲಕ್ಕೆ ಸುರಿದು ತಿಳಿನೀಲಿಯದನ್ನೆಲ್ಲ ಆರಿಸಿದೆ. ಈ ಸಲದ್ದಷ್ಟೇ ಅಲ್ಲ, ಹಳೆಯ ಯೂನಿಫಾರ್ಮ್‌ಗಳದ್ದನ್ನೂ ಸೇರಿಸಿ, ಬೆರಳಗಲದ ಪಟ್ಟಿಯನ್ನೂ ಬಿಡದೆ ಗಂಟು ಕಟ್ಟಿ ನಿನ್ನೆ ಮೇಲೆ ಕಳಿಸಿದ್ದೇನೆ. ನನ್ನ ಪಿನ್ನಿನ ದಿಂಬು ಕೂಡ ಅದೇ ಬಟ್ಟೆಯದು. ಆಕೆ ಕೆಲಸಕ್ಕೆ ಸೇರಿದ ವರ್ಷದ ಮೊದಲ ಯೂನಿಫಾರ್ಮಿನಲ್ಲಿ ಮಿಕ್ಕದ್ದು. ಅದನ್ನು ಕಳಿಸಿಲ್ಲ. ಕಳಿಸುವುದೂ ಇಲ್ಲ. ಅದು ಆಕೆಯ ಸ್ವತ್ತು, ತಿಳಿದೂ ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ. ಆಕೆ ಬಂದು ಕೇಳಿದರೆ, ಆಕೆಯ ಕೈಗೆ ಮಾತ್ರ ಕೊಡುತ್ತೇನೆ.

ಮೇಲೆ ಬರೆದಿರುವುದನ್ನು ಪೇದೆಯವರು ಓದಿದರು, ನಾನು ಕೇಳಿದೆ. ಹೊಡೆಸಿದ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ನನ್ನ ಬಾಯಿಂದ ಬಂದದ್ದೇ, ನಿಜವೇ. ಹೊಡೆಸಿದ ಸಾಲು ಕೂಡ ಇರಲಿ ಎಂದು ಈಗ ಹೇಳಿ ಮತ್ತೆ ಬರೆಸಿದ್ದೇನೆ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನ: ಬುಧವಾರ, ಮಧ್ಯಾಹ್ನ ಒಂದು ಗಂಟೆ
ಸಹಿ: ಹೊಲಿಗೆಯಕ್ಕ